ನೋಟ್ ಪುಸ್ತಕವಿಲ್ಲದ ದಸರಾ ರಜೆ

"ಅಪ್ಪಾ, ಮಕ್ಕಳನ್ನ ಕರಕೊಂಡು ಹೋಗಿ, ಬೇಡ ಅನ್ನಲ್ಲ. ಆದರೆ ಅವರ ಕೈಗೆ ನೋಟ್ ಪುಸ್ತಕ ಮಾತ್ರ ಕೊಡಬೇಡಿ."

2024ರ ದಸರಾ ರಜೆಯಲ್ಲಿ ಮೊಮ್ಮಕ್ಕಳನ್ನು ಮೈಸೂರಿಗೆ ಕರೆದೊಯ್ಯುವ ಮಾತೆತ್ತಿದಾಗ ಬೆಂಗಳೂರಿನಲ್ಲಿರುವ ನನ್ನ ಮಗಳು ಫೋನಿನಲ್ಲಿ ಹೇಳಿದ ಮಾತಿದು. ಆ ವರ್ಷ ಶಾಲೆಗಳಿಗೆ ಅಕ್ಟೋಬರ್ 3ರಿಂದ 20ರವರೆಗೆ ರಜೆ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ರಜೆ ಬಂತೆಂದರೆ ಮಕ್ಕಳಿಗೆ ಸಂಭ್ರಮ, ತಂದೆತಾಯಿಗೆ ಚಿಂತೆ. ಪ್ರೌಢಶಾಲೆಯ ವಿಜ್ಞಾನದ ಮೇಷ್ಟರಾದ ನನಗೂ ಅದೇ ದಿನಗಳಲ್ಲಿ ರಜೆ ಇದ್ದುದರಿಂದ ಮೊಮ್ಮಕ್ಕಳನ್ನು ನಾನೇ ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡಿದ್ದೆ. ಮೊಮ್ಮಗಳಿಗೆ ಎಂಟು ವರ್ಷ, ಮೂರನೆಯ ತರಗತಿ. ಚಿಕ್ಕವನಿಗೆ ನಾಲ್ಕು ತುಂಬಿತ್ತು.

ಮಗಳ ಮಾತು ತಮಾಷೆಯದಲ್ಲ ಎಂಬುದು ನನಗೆ ಗೊತ್ತಿತ್ತು. 1999ರ ದಸರಾ ರಜೆಯಲ್ಲಿ ಅವಳನ್ನೂ ಹೀಗೆಯೇ ಮೈಸೂರಿಗೆ ಕರೆದೊಯ್ದಿದ್ದೆ. ಆಗ ಅವಳಿಗೂ ಎಂಟು ವರ್ಷ. ನೂರು ಪುಟದ ಒಂದು ನೋಟ್ ಪುಸ್ತಕ ಕೊಟ್ಟು, ಕಂಡದ್ದನ್ನೆಲ್ಲ ಬರೆಯಬೇಕೆಂದು ಕಟ್ಟಪ್ಪಣೆ ಮಾಡಿದ್ದೆ. ಅರಮನೆಯ ಮುಂದೆ ಇಸವಿ, ಮೃಗಾಲಯದಲ್ಲಿ ಪ್ರಾಣಿಗಳ ವೈಜ್ಞಾನಿಕ ಹೆಸರು, ಬೆಟ್ಟದಲ್ಲಿ ಮೆಟ್ಟಿಲುಗಳ ಲೆಕ್ಕ. ಕೊನೆಯ ಸಂಜೆ ಕೃಷ್ಣರಾಜಸಾಗರಕ್ಕೆ ಹೋದಾಗ ನೆಂಟರೆಲ್ಲರ ಎದುರಿಗೆ ಒಂದು ಪ್ರಶ್ನೆ ಹಾಕಿದೆ: "ಕಟ್ಟೆಯಲ್ಲಿ ನೀರು ಗರಿಷ್ಠ ಎಷ್ಟು ಅಡಿಯವರೆಗೆ ನಿಲ್ಲುತ್ತೆ?" ಮಧ್ಯಾಹ್ನವಷ್ಟೇ ಬರೆಸಿದ್ದೆ. ಅವಳು ಗಾಬರಿಯಲ್ಲಿ "ಸಾವಿರ" ಎಂದಳು. ಎಲ್ಲರೂ ನಕ್ಕರು. ನನಗೆ ಅವಮಾನವಾದಂತಾಯಿತು. "ಮೇಷ್ಟರ ಮಗಳಾಗಿ ಇಷ್ಟೂ ಗೊತ್ತಿಲ್ಲವೇ?" ಎಂದು ಗದರಿ, ಕಲ್ಲಿನ ಬೆಂಚಿನ ಮೇಲೆ ಕೂರಿಸಿ, ಸರಿಯುತ್ತರವನ್ನು ಹತ್ತು ಸಲ ಬರೆಯಲು ಹೇಳಿದೆ. ಉಳಿದವರು ಕಾರಂಜಿಯ ಕಡೆ ನಡೆದರು. ನಾನು ಅವಳ ಪಕ್ಕದಲ್ಲಿ ನಿಂತು ಕಾಗುಣಿತ ತಿದ್ದುತ್ತಿದ್ದೆ.

ಇಪ್ಪತ್ತೈದು ವರ್ಷಗಳ ನಂತರ ಫೋನಿನಲ್ಲಿ ಬಂದ ಆ ಒಂದು ವಾಕ್ಯ ನನ್ನನ್ನು ಮತ್ತೆ ಅದೇ ಬೆಂಚಿನ ಬಳಿ ನಿಲ್ಲಿಸಿತು. ನೋಟ್ ಪುಸ್ತಕ ಒಯ್ಯುವುದಿಲ್ಲವೆಂದು ಮಾತು ಕೊಟ್ಟೆ. ಮಾತು ಕೊಡುವುದು ಸುಲಭ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈ ಸುಮ್ಮನಿರಬೇಕಲ್ಲ!

ಕಿಟಕಿಯ ಪಕ್ಕದ ಪಾಠ

ಅರಸೀಕೆರೆಯಲ್ಲಿ ಮೈಸೂರಿನ ರೈಲು ಹತ್ತಿದೆವು. ನಾನು, ನನ್ನಾಕೆ, ಇಬ್ಬರು ಮಕ್ಕಳು, ಜೊತೆಗೆ ಚಕ್ಕುಲಿಯ ಡಬ್ಬಿ. ಬಸ್ಸಿಗಿಂತ ರೈಲು ಮಕ್ಕಳಿಗೆ ಒಳ್ಳೆಯದು. ಓಡಾಡಲು ಜಾಗವಿರುತ್ತದೆ, ಕಿಟಕಿಯೂ ದೊಡ್ಡದು. ಹಾಸನ ದಾಟಿ, ಹೊಳೆನರಸೀಪುರದಲ್ಲಿ ಹೇಮಾವತಿಯನ್ನು ಕಂಡು, ಕೃಷ್ಣರಾಜನಗರದ ಭತ್ತದ ಗದ್ದೆಗಳ ನಡುವೆ ಹಾದು, ಸಾಗರಕಟ್ಟೆಯ ಬಳಿ ಕೃಷ್ಣರಾಜಸಾಗರದ ಹಿನ್ನೀರಿನ ಮೇಲೆ ಸಾಗುವ ದಾರಿಯಿದು. ಆ ವರ್ಷ ಜುಲೈನಲ್ಲೇ ಕಟ್ಟೆ ತುಂಬಿತ್ತು. ಹಿಂದಿನ ವರ್ಷ ಬರಗಾಲ ಕಂಡಿದ್ದ ಕಣ್ಣಿಗೆ ಸೇತುವೆಯ ಎರಡೂ ಬದಿಯ ನೀರು ಹಬ್ಬದಂತೆಯೇ ಕಂಡಿತು.

ಹಾಸನ ಬಿಟ್ಟ ಮೇಲೆ ಮೊಮ್ಮಗಳು ಕೇಳಿದಳು: "ತಾತ, ಹತ್ತಿರದ ಕಂಬ ಎಲ್ಲ ಹಿಂದಕ್ಕೆ ಓಡುತ್ತೆ, ಆ ದೂರದ ಗುಡ್ಡ ಮಾತ್ರ ನಮ್ಮ ಜೊತೆಗೇ ಬರುತ್ತಲ್ಲ, ಯಾಕೆ?"

ಇಂಥ ಪ್ರಶ್ನೆಗಾಗಿ ಮೇಷ್ಟರು ವರ್ಷವಿಡೀ ಕಾದಿರುತ್ತಾರೆ. "ಹೆಬ್ಬೆರಳನ್ನು ಮುಖದ ಹತ್ತಿರ ಹಿಡಿ. ಒಂದು ಕಣ್ಣು ಮುಚ್ಚಿ ನೋಡು, ಈಗ ಆ ಕಣ್ಣು ಬಿಟ್ಟು ಇನ್ನೊಂದು ಮುಚ್ಚು" ಎಂದೆ. ಬೆರಳು ಪಕ್ಕಕ್ಕೆ ಜಿಗಿಯಿತು. "ಈಗ ಕೈ ಪೂರ್ತಿ ಚಾಚಿ ನೋಡು." ಜಿಗಿತ ಕಡಿಮೆಯಾಯಿತು. ನೋಡುವ ಜಾಗ ಬದಲಾದಾಗ ಹತ್ತಿರದ ವಸ್ತು ಹೆಚ್ಚು ಸರಿದಂತೆ, ದೂರದ್ದು ಕಡಿಮೆ ಸರಿದಂತೆ ಕಾಣುತ್ತದೆ. ರೈಲಿನಲ್ಲಿ ನಾವು ಜಾಗ ಬದಲಿಸುತ್ತಲೇ ಇರುತ್ತೇವೆ, ಅಷ್ಟೇ ವಿಷಯ. ಎದುರು ಸೀಟಿನ ಅಜ್ಜಿಯೊಬ್ಬರೂ ಹೆಬ್ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚತೊಡಗಿದರು. ಉತ್ಸಾಹ ಬಂದು, ಇದೇ ತತ್ತ್ವದಿಂದ ನಕ್ಷತ್ರಗಳ ದೂರವನ್ನು ಹೇಗೆ ಅಳೆಯುತ್ತಾರೆಂದು ಶುರುಮಾಡಿದೆ. ಎರಡು ನಿಮಿಷ ಕಳೆದು ನೋಡಿದರೆ ಮೊಮ್ಮಗಳು ಚಕ್ಕುಲಿಯ ಸುರುಳಿಯನ್ನು ಮುರಿಯದೆ ಬಿಚ್ಚುವ ಪ್ರಯೋಗದಲ್ಲಿ ಮುಳುಗಿದ್ದಳು. ನನ್ನಾಕೆ ನಕ್ಕು, "ಬೆಲ್ ಹೊಡೆದು ಆಗಲೇ ಎಷ್ಟು ಹೊತ್ತಾಯಿತು, ಮೇಷ್ಟ್ರೇ" ಎಂದಳು.

ಬೊಂಬೆಗಳ ನಡುವೆ ಒಂದು ಜೆಸಿಬಿ

ಮೈಸೂರಿನಲ್ಲಿ ನಾವು ಉಳಿದುಕೊಂಡದ್ದು ನಾದಿನಿಯ ಮನೆಯಲ್ಲಿ. ನಡುಮನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೊಂಬೆ ಕೂರಿಸಿದ್ದರು. ಮೇಲಿನ ಮೆಟ್ಟಿಲಿನಲ್ಲಿ ಮರದ ಪಟ್ಟದ ಬೊಂಬೆಗಳು, ರಾಜ ಮತ್ತು ರಾಣಿ. ನಾದಿನಿಯ ಮದುವೆಯಲ್ಲಿ ನನ್ನ ಅತ್ತೆಯವರು ಕೊಟ್ಟದ್ದು. ಪ್ರತಿ ವರ್ಷವೂ ಅವಕ್ಕೆ ಹೊಸ ರೇಷ್ಮೆ ಬಟ್ಟೆ ಉಡಿಸುತ್ತಾರೆ. ಕೆಳಗೆ ದಶಾವತಾರ, ಮದುವೆ ದಿಬ್ಬಣ, ಶೆಟ್ಟಿ ಮತ್ತು ಶೆಟ್ಟಮ್ಮನ ಅಂಗಡಿ, ರಾಗಿ ಪೈರು ಬೆಳೆಸಿದ ಪುಟ್ಟ ತೋಟ.

ಎರಡನೆಯ ದಿನ ಬೆಳಿಗ್ಗೆ ನೋಡಿದರೆ ರಾಗಿ ತೋಟದ ಮಧ್ಯೆ ಚಿಕ್ಕವನ ಹಳದಿ ಪ್ಲಾಸ್ಟಿಕ್ ಜೆಸಿಬಿ ನಿಂತಿತ್ತು. ನಾನು ತೆಗೆಯಲು ಹೋದೆ. ನಾದಿನಿ ತಡೆದು, "ಇರಲಿ ಬಿಡಿ ಭಾವ. ನಾವು ಚಿಕ್ಕವರಿದ್ದಾಗ ನಮ್ಮಣ್ಣ ರೈಲು ಇಟ್ಟಿದ್ದ, ಅಮ್ಮ ಏನೂ ಅನ್ನಲಿಲ್ಲ. ಹೀಗೇ ಅಲ್ವೇ ಬೊಂಬೆ ಸಾಲು ಬೆಳೆಯೋದು?" ಎಂದಳು. ಸಂಜೆ ಬೊಂಬೆ ನೋಡಲು ಬಂದ ಕೇರಿಯ ಮಕ್ಕಳಿಗೆ ಬೊಂಬೆ ಬಾಗಿನವೆಂದು ಕಡಲೆಕಾಳಿನ ಉಸಲಿ, ಕೊಬ್ಬರಿ ಮಿಠಾಯಿ ಹಂಚಿದರು. ಚಿಕ್ಕವನು ಬಂದವರಿಗೆಲ್ಲ ತನ್ನ ಜೆಸಿಬಿಯನ್ನೇ ಮೊದಲು ತೋರಿಸುತ್ತಿದ್ದ. ರಾಜರಾಣಿಯರಿಗೆ ಎರಡನೆಯ ಸ್ಥಾನ.

ಮೂರಡಿ ಎತ್ತರದ ಮೈಸೂರು

ಮೃಗಾಲಯದಲ್ಲಿ ನನಗೊಂದು ಪಾಠವಾಯಿತು. 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಆರಂಭವಾದ ಈ ಮೃಗಾಲಯ ದೇಶದ ಹಳೆಯ ಮೃಗಾಲಯಗಳಲ್ಲಿ ಒಂದು. ದಸರೆಯ ದಿನಗಳಲ್ಲಿ ಅಲ್ಲಿ ಜನವೋ ಜನ. ಹುಲಿಯ ಆವರಣದ ಮುಂದೆ ನಿಂತು "ನೋಡು, ನೋಡು" ಎನ್ನುತ್ತಿದ್ದರೆ ಚಿಕ್ಕವನು "ಕಾಣ್ತಾ ಇಲ್ಲ" ಎಂದು ಅಳುಮುಖ ಮಾಡಿದ. ಮಂಡಿಯೂರಿ ಅವನ ಎತ್ತರಕ್ಕೆ ಕುಳಿತೆ. ಅಲ್ಲಿಂದ ಕಂಡದ್ದು ಪ್ಯಾಂಟುಗಳು, ಸೀರೆಯ ನೆರಿಗೆಗಳು, ಕೈಚೀಲಗಳು. ನಾನು ಹುಲಿ ತೋರಿಸುತ್ತಿದ್ದೇನೆಂದು ತಿಳಿದ ಅಷ್ಟು ಹೊತ್ತೂ ಅವನು ನೋಡಿದ್ದು ಇದನ್ನೇ! ಎತ್ತಿ ಹೆಗಲ ಮೇಲೆ ಕೂರಿಸಿಕೊಂಡೆ.

ಹಾಗೆ ಕೂರಿಸಿಕೊಂಡರೂ ಅವನಿಗೆ ಹೆಚ್ಚು ಹಿಡಿಸಿದ್ದು ಹುಲಿಯಲ್ಲ. ಮರದ ಬುಡದಲ್ಲಿ ಸತ್ತ ಜೀರುಂಡೆಯನ್ನು ಎಳೆದೊಯ್ಯುತ್ತಿದ್ದ ಇರುವೆಗಳ ಸಾಲು. ಅದರ ಮುಂದೆ ಇಪ್ಪತ್ತು ನಿಮಿಷ ಕುಕ್ಕರಗಾಲಿನಲ್ಲಿ ಕುಳಿತ. ಟಿಕೆಟ್ ಕೊಟ್ಟು ಒಳಗೆ ಬಂದು ಇರುವೆ ನೋಡುವುದೇ ಎಂದು ನನ್ನೊಳಗಿನ ಲೆಕ್ಕಾಚಾರ ಗೊಣಗಿತು. ಆದರೆ ನನ್ನ ತರಗತಿಯಲ್ಲಿ ಇಪ್ಪತ್ತು ನಿಮಿಷ ಒಂದೇ ವಸ್ತುವನ್ನು ಬಿಡದೆ ಗಮನಿಸುವ ವಿದ್ಯಾರ್ಥಿಗಳು ಎಷ್ಟು ಮಂದಿ? ವಿಜ್ಞಾನದ ಮೊದಲ ಹೆಜ್ಜೆ ಗಮನಿಸುವುದು ಎಂದು ಬೋರ್ಡಿನ ಮೇಲೆ ಬರೆಸುವವನು ನಾನೇ. ಸುಮ್ಮನೆ ಪಕ್ಕದಲ್ಲಿ ಕುಳಿತೆ.

ಆನೆಗಳನ್ನು ನಾವು ಜಂಬೂ ಸವಾರಿಗೆ ಮೊದಲೇ, ತಾಲೀಮಿನ ಹೊತ್ತಿನಲ್ಲಿ ನೋಡಿದೆವು. ಸಣ್ಣ ಮಕ್ಕಳಿರುವವರಿಗೆ ಇದೇ ಲೇಸು. ದಸರೆಗೆ ಕೆಲವು ವಾರ ಮೊದಲೇ ಕಾಡಿನ ಶಿಬಿರಗಳಿಂದ ಬರುವ ಆನೆಗಳು ಅರಮನೆಯ ಆವರಣದಲ್ಲಿ ಬೀಡುಬಿಟ್ಟು, ಮೆರವಣಿಗೆಯ ದಾರಿಯಲ್ಲೇ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ನಡೆದು ಅಭ್ಯಾಸ ಮಾಡುತ್ತವೆ. ಚಿನ್ನದ ಅಂಬಾರಿಯ ತೂಕ ಸುಮಾರು 750 ಕಿಲೋ. ಅಷ್ಟು ಭಾರವನ್ನು ಒಮ್ಮೆಗೇ ಹೊರಿಸುವುದಿಲ್ಲ. ಮರಳಿನ ಮೂಟೆಗಳನ್ನು ಹೊರಿಸಿ, ದಿನದಿಂದ ದಿನಕ್ಕೆ ತೂಕ ಹೆಚ್ಚಿಸುತ್ತಾ ಬರುತ್ತಾರೆ. ಭತ್ತ, ಬೆಲ್ಲ, ತೆಂಗಿನಕಾಯಿ ಸೇರಿಸಿ ಹುಲ್ಲಿನಲ್ಲಿ ಕಟ್ಟಿದ ಕುಸುರೆ ಅವುಗಳಿಗೆ ಇಷ್ಟದ ತಿನಿಸು. ಮಕ್ಕಳ ಪಾಠವನ್ನೂ ಹೀಗೆಯೇ ಸ್ವಲ್ಪ ಸ್ವಲ್ಪವಾಗಿ, ಬೆಲ್ಲ ಸೇರಿಸಿ ಕೊಡಬೇಕೆಂದು ಮಾವುತರಿಗೆ ಗೊತ್ತಿರುವುದು ನಮಗೆ ಗೊತ್ತಿಲ್ಲವಲ್ಲ ಎನ್ನಿಸಿತು.

ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ನಿಂತಿದ್ದಾಗ ಅಭಿಮನ್ಯು ನಮ್ಮ ಮುಂದೆಯೇ ಹಾದುಹೋದ. ಮೊಮ್ಮಗಳು ಪಿಸುಗುಟ್ಟಿದಳು: "ತಾತ, ಅಷ್ಟು ದಪ್ಪ ಇದ್ದರೂ ಕಾಲಿನ ಶಬ್ದವೇ ಬರಲ್ಲ!" ಆನೆ ನಡೆಯುವುದು ಬಹುಮಟ್ಟಿಗೆ ಬೆರಳುಗಳ ಮೇಲೆ. ಹಿಮ್ಮಡಿಯ ಕೆಳಗೆ ಕೊಬ್ಬಿನ ದಪ್ಪನೆಯ ಮೆತ್ತೆಯಿದ್ದು, ಹೆಜ್ಜೆಯ ಭಾರವನ್ನೂ ಸದ್ದನ್ನೂ ಅದು ನುಂಗಿಕೊಳ್ಳುತ್ತದೆ. ಕೇಳಿದ್ದರಿಂದ ಹೇಳಿದೆ, ಎರಡೇ ವಾಕ್ಯದಲ್ಲಿ. ನಿಲ್ಲಿಸಿದ ಕೂಡಲೇ ಅವಳೇ ಮತ್ತೆ ಕೇಳಿದಳು: "ಹಾಗಾದರೆ ಅದು ಯಾವಾಗಲೂ ಹೈ ಹೀಲ್ಸ್ ಹಾಕಿಕೊಂಡ ಹಾಗಾ?" ಹೌದಮ್ಮಾ, ಸರಿಸುಮಾರು ಹಾಗೆಯೇ! ನಾನು ಕಡಿಮೆ ಮಾತನಾಡಿದಷ್ಟೂ ಅವಳ ಪ್ರಶ್ನೆಗಳು ಹೆಚ್ಚುತ್ತಿದ್ದವು.

ಅಂದು ಸಂಜೆ ಅರಮನೆಯ ದೀಪಾಲಂಕಾರ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ನರ ವಿನ್ಯಾಸದಲ್ಲಿ ಕಟ್ಟಿ, 1912ರಲ್ಲಿ ಮುಗಿಸಿದ ಕಟ್ಟಡವಿದು. ಲಕ್ಷದ ಹತ್ತಿರದಷ್ಟು ಬಲ್ಬುಗಳು ಒಮ್ಮೆಗೇ ಹೊತ್ತಿಕೊಂಡಾಗ ಜನಸ್ತೋಮದಿಂದ "ಹೋ" ಎಂಬ ಉದ್ಗಾರ ಬಂತು. ಎರಡನೆಯ ಕ್ಷಣದಲ್ಲೇ ಚಿಕ್ಕವನು ಬೆರಳು ತೋರಿಸಿ ಹೇಳಿದ: "ಅಲ್ಲಿ ಒಂದು ಹತ್ತಿಲ್ಲ." ನಾವೆಲ್ಲ ಉರಿಯುತ್ತಿದ್ದ ಲಕ್ಷವನ್ನು ನೋಡುತ್ತಿದ್ದಾಗ ಅವನು ಉರಿಯದ ಒಂದನ್ನು ಕಂಡಿದ್ದ. "ಅದನ್ನ ಯಾರು ಬದಲಾಯಿಸ್ತಾರೆ? ಏಣಿ ಎಷ್ಟು ಉದ್ದ ಇರುತ್ತೆ?" ಮನೆಗೆ ಹೋಗುವವರೆಗೂ ಅದೇ ಮಾತು. ಇಸವಿ, ವಿನ್ಯಾಸಕಾರ ಎಲ್ಲ ನನ್ನ ನಾಲಿಗೆಯ ತುದಿಯಲ್ಲೇ ಉಳಿದವು.

ಎರಡು ಕೈ ಬೇಕಾದ ಪಾಠ

ಇಷ್ಟರಲ್ಲಿ ನಾನು ಸುಧಾರಿಸಿದ್ದೇನೆಂದು ನೀವು ಭಾವಿಸಿದರೆ ತಪ್ಪು. ಮರುದಿನ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಹೋದೆವು. ನನ್ನಾಕೆ, ನಾದಿನಿ ಬಳೆ ಅಂಗಡಿಯ ಮುಂದೆ ನಿಂತರು. ಜೈಂಟ್ ವೀಲ್ ತಿರುಗುತ್ತಿದ್ದುದನ್ನು ನೋಡಿ ಮೊಮ್ಮಗಳು, "ಮೇಲೆ ಹೋದಾಗ ತೊಟ್ಟಿಲು ತಲೆಕೆಳಗಾಗಲ್ಲವಾ?" ಎಂದಳು. ತೊಟ್ಟಿಲು ಮೇಲಿನ ಕೀಲಿನಿಂದ ನೇತಾಡುವುದು, ಅದರ ಗುರುತ್ವ ಕೇಂದ್ರ ಕೀಲಿಗಿಂತ ಕೆಳಗಿರುವುದು, ಇವನ್ನು ವಿವರಿಸಬೇಕಲ್ಲ! ಒಂದು ಕೈ ಚಕ್ರವಾಯಿತು, ಇನ್ನೊಂದು ಕೈ ತೊಟ್ಟಿಲಾಯಿತು. ಪಾಠಕ್ಕೆ ಎರಡು ಕೈ ಬೇಕಾಯಿತು. ಅವುಗಳಲ್ಲಿ ಒಂದು ಅಲ್ಲಿಯವರೆಗೆ ಚಿಕ್ಕವನ ಕೈ ಹಿಡಿದಿತ್ತು.

ಪಾಠ ಮುಗಿಸಿ ನೋಡಿದರೆ ಅವನಿಲ್ಲ.

ಆ ಹತ್ತು ನಿಮಿಷಗಳನ್ನು ವರ್ಣಿಸಲಾರೆ. ಮೊಮ್ಮಗಳನ್ನು ಅಜ್ಜಿಯ ಕೈಗೆ ಒಪ್ಪಿಸಿ ಓಡಿದೆ. ಕೆಂಪು ಅಂಗಿಯ ಮಕ್ಕಳೆಲ್ಲ ಅವನೇ ಎನ್ನಿಸುತ್ತಿತ್ತು. ಮಗಳಿಗೆ ಏನೆಂದು ಹೇಳಲಿ? ನೋಟ್ ಪುಸ್ತಕ ಕೊಡಲಿಲ್ಲ, ಆದರೆ ಪಾಠ ಮಾಡುತ್ತಾ ಮಗುವನ್ನೇ ಕಳೆದೆ ಎನ್ನಲೇ? ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. "ಕೆಂಪು ಶರಟಿನ ಮಗು ನಿಮ್ಮದಾ ಸಾರ್? ಜೇಬಲ್ಲಿ ನಿಮ್ಮ ನಂಬರು ಇತ್ತು. ಬೊಂಬಾಯಿ ಮಿಠಾಯಿ ಗಾಡಿ ಹತ್ರ ಬನ್ನಿ."

ನನ್ನಾಕೆ ಬೆಳಿಗ್ಗೆಯೇ ಎರಡೂ ಮಕ್ಕಳ ಜೇಬಿನಲ್ಲಿ ನಮ್ಮ ಫೋನ್ ನಂಬರಿನ ಚೀಟಿ ಇಟ್ಟಿದ್ದಳು. ಅಷ್ಟು ಭಯವೇಕೆಂದು ನಾನು ನಕ್ಕಿದ್ದೆ.

ಹೋಗಿ ನೋಡಿದರೆ ಚಿಕ್ಕವನು ಗಾಡಿಯವನ ಸ್ಟೂಲಿನ ಮೇಲೆ ಕುಳಿತು, ತಿರುಗುವ ಯಂತ್ರವನ್ನೇ ನೋಡುತ್ತಿದ್ದ. ಅತ್ತ ಗುರುತೂ ಮುಖದ ಮೇಲಿರಲಿಲ್ಲ. "ತಾತ, ಸಕ್ಕರೆ ಹಾಕಿದರೆ ನೂಲು ಬರುತ್ತೆ ನೋಡು!" ಕೃತಕ ಬಣ್ಣ ಹಾಕಿದ ಮಿಠಾಯಿಯನ್ನು ಆ ವರ್ಷ ಮಾರ್ಚಿನಲ್ಲೇ ಸರ್ಕಾರ ನಿಷೇಧಿಸಿದ್ದರಿಂದ ನೂಲು ಬೆಳ್ಳಗಿತ್ತು. ಕರಗಿದ ಸಕ್ಕರೆ ವೇಗವಾಗಿ ತಿರುಗುವ ತಲೆಯ ಸಣ್ಣ ರಂಧ್ರಗಳಿಂದ ಚಿಮ್ಮಿ, ಗಾಳಿಯಲ್ಲಿ ತಣಿದು ಎಳೆಯಾಗುತ್ತದೆ. ನಾನು ಅದನ್ನು ಹೇಳಲಿಲ್ಲ. ಅವನನ್ನು ಎತ್ತಿ ಎದೆಗಪ್ಪಿಕೊಂಡೆ. ಗಾಡಿಯವನು ದುಡ್ಡು ಬೇಡವೆಂದರೂ ಬಲವಂತದಿಂದ ಕೊಟ್ಟೆ. "ಬೈಬೇಡಿ ಸಾರ್, ಬಹಳ ಜಾಣ ಹುಡುಗ, ಸುಮ್ನೆ ನೋಡ್ತಾ ನಿಂತಿದ್ದ" ಎಂದ. ಬೈಸಿಕೊಳ್ಳಬೇಕಾದವನು ಯಾರೆಂದು ಅವನಿಗೇನು ಗೊತ್ತು!

ಅಂದು ರಾತ್ರಿ ನಾವು ಹಿರಿಯರೆಲ್ಲ ಕುಳಿತು ಕೆಲವು ನಿಯಮ ಮಾಡಿಕೊಂಡೆವು. ಪುಟ್ಟ ಮಕ್ಕಳೊಂದಿಗೆ ಹೊರಡುವ ತಂದೆತಾಯಂದಿರಿಗೂ ಉಪಯೋಗವಾದೀತು. ದಿನಕ್ಕೆ ಒಂದೇ ಜಾಗ ನೋಡುವುದು. ಮಧ್ಯಾಹ್ನ ಮನೆಗೆ ಬಂದು ಮೊಸರನ್ನ ಉಣಿಸಿ ಮಲಗಿಸುವುದು. ಹಸಿವು ಮತ್ತು ನಿದ್ದೆಯ ಹೊತ್ತಿನಲ್ಲಿ ಮಗು ಮಾಡುವ ಹಟ ಹಟವಲ್ಲ. ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇರಲೇಬೇಕು. ಗುಂಪಿನಲ್ಲಿ ಯಾವ ಮಗು ಯಾರ ಜವಾಬ್ದಾರಿ ಎಂದು ಮೊದಲೇ ಹೇಳಿಕೊಳ್ಳಬೇಕು, "ಎಲ್ಲರೂ ನೋಡಿಕೊಳ್ಳುತ್ತಾರೆ" ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ದೊಡ್ಡವರಿಗೆಲ್ಲ ನೆನಪಿರಲಿ. ಜಂಬೂ ಸವಾರಿಯ ನೂಕುನುಗ್ಗಲಿಗೆ ನಾಲ್ಕು ವರ್ಷದವನನ್ನು ಕರೆದೊಯ್ಯದಿರುವುದರಲ್ಲಿ ನಷ್ಟವೇನಿಲ್ಲ. ಅಕ್ಟೋಬರ್ 12ರ ಮಧ್ಯಾಹ್ನ ನಾವು ಮನೆಯ ಟಿ.ವಿ. ಮುಂದೆಯೇ ಕುಳಿತೆವು. ಅಂಬಾರಿ ಹೊತ್ತ ಅಭಿಮನ್ಯು ಕಂಡಾಗ ಇಬ್ಬರೂ, "ನಮ್ಮ ಆನೆ! ನಮ್ಮ ಆನೆ!" ಎಂದು ಕುಣಿದರು.

ಮತ್ತೆ ಅದೇ ಬೆಂಚು

ಆಯುಧಪೂಜೆಯ ರಜೆಗೆ ಮಗಳು, ಅಳಿಯ ಬಂದಿದ್ದರು. ಚಿಕ್ಕವನು ಕಳೆದ ಸಂಗತಿಯನ್ನು ಬಚ್ಚಿಡದೆ ಹೇಳಿದೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಸಿಕ್ಕಿದನಲ್ಲ, ಬಿಡಿ ಅಪ್ಪಾ" ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು.

ವಿಜಯದಶಮಿಯ ಮರುದಿನ ಎಲ್ಲರೂ ಕೃಷ್ಣರಾಜಸಾಗರಕ್ಕೆ ಹೋದೆವು. 1911ರಲ್ಲಿ ಕೆಲಸ ಆರಂಭವಾಗಿ, ಎರಡು ದಶಕಗಳ ದುಡಿಮೆಯಲ್ಲಿ ಸಿಮೆಂಟಿನ ಬದಲು ಸುರ್ಕಿ ಗಾರೆಯಿಂದ ಕಟ್ಟಿದ ಅಣೆಕಟ್ಟು ಇಂದಿಗೂ ಗಟ್ಟಿಯಾಗಿ ನಿಂತಿದೆ. ವಿಶ್ವೇಶ್ವರಯ್ಯನವರ ಹೆಸರು ಕೇಳದೆ ನಮ್ಮಲ್ಲಿ ಯಾವ ಮಗುವೂ ಬೆಳೆಯುವುದಿಲ್ಲ. ಬೃಂದಾವನದಲ್ಲಿ ಸಂಜೆಯ ಜನಜಂಗುಳಿ. ಕಾರಂಜಿಗೆ ಇನ್ನೂ ಹೊತ್ತಿತ್ತು. ದಣಿದು ಒಂದು ಕಲ್ಲಿನ ಬೆಂಚಿನ ಮೇಲೆ ಕುಳಿತೆವು. ಅಂದಿನ ಬೆಂಚು ಇದೇಯೋ, ಅದರ ಪಕ್ಕದ್ದೋ ಗೊತ್ತಿಲ್ಲ. ಮಗಳು ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಅಷ್ಟರಲ್ಲಿ ಮೊಮ್ಮಗಳು ಕಟ್ಟೆಯ ಕಡೆ ನೋಡುತ್ತಾ, ತಾನಾಗಿಯೇ ಕೇಳಿದಳು: "ತಾತ, ಅದರ ಹಿಂದೆ ಎಷ್ಟು ಅಡಿ ನೀರಿದೆ?"

ಉತ್ತರ ಬಾಯಿಯವರೆಗೆ ಬಂತು. ನುಂಗಿಕೊಂಡೆ.

"ಗರಿಷ್ಠ ಮಟ್ಟ ನೂರ ಇಪ್ಪತ್ತನಾಲ್ಕು ಪಾಯಿಂಟ್ ಎಂಟು ಸೊನ್ನೆ ಅಡಿ" ಎಂದಳು ಮಗಳು, ಮಗಳ ತಲೆಗೂದಲು ಸರಿಮಾಡುತ್ತಾ. ಆಮೇಲೆ ನನ್ನ ಕಡೆ ತಿರುಗಿ, "ಆ ಅಂಕಿ ಈವತ್ತಿನವರೆಗೂ ಮರೆತಿಲ್ಲ ಅಪ್ಪಾ. ಆದರೆ ಅವತ್ತು ಕಾರಂಜಿ ಹೇಗಿತ್ತು ಅನ್ನೋದು ಮಾತ್ರ ಎಷ್ಟು ನೆನೆಸಿಕೊಂಡರೂ ನೆನಪಿಗೆ ಬರಲ್ಲ" ಎಂದಳು. ದೂರಿನ ದನಿ ಅದರಲ್ಲಿರಲಿಲ್ಲ.

"ಅವತ್ತು ನೀನು ಕಾರಂಜಿ ನೋಡಲೇ ಇಲ್ಲಮ್ಮ. ನಾನು ನೋಡಗೊಡಲಿಲ್ಲ. ತಪ್ಪಾಯಿತು" ಎಂದೆ. ಎಷ್ಟೋ ವಿದ್ಯಾರ್ಥಿಗಳಿಂದ ಹೇಳಿಸಿದ ಮಾತು. ಮಗಳಿಗೆ ಹೇಳಲು ಇಪ್ಪತ್ತೈದು ವರ್ಷ ಬೇಕಾಯಿತು.

ಸಂಗೀತದ ಸದ್ದು ಕೇಳಿ ಜನ ಎದ್ದು ಓಡತೊಡಗಿದರು. ಚಿಕ್ಕವನನ್ನು ಅಳಿಯ ಹೆಗಲೇರಿಸಿಕೊಂಡ. ನನ್ನ ಎಡಗೈಯನ್ನು ಮೊಮ್ಮಗಳು ಹಿಡಿದಳು, ಬಲಗೈಯನ್ನು ಮಗಳು. ಎರಡೂ ಕೈ ತುಂಬಿದ್ದರಿಂದ ಪಾಠ ಮಾಡುವಂತಿರಲಿಲ್ಲ. ನೀರು ಹಸಿರಾಯಿತು, ಕೆಂಪಾಯಿತು, ನೀಲಿಯಾಯಿತು. ನಾವು ನೋಡಿದೆವು.

ರಜೆ ಮುಗಿಯುವ ಮುನ್ನ ಮೊಮ್ಮಗಳು ಶಾಲೆಯವರು ಹೇಳಿದ್ದ ಒಂದು ಪುಟದ ಬರವಣಿಗೆಯನ್ನು ತಾನೇ ಬರೆದಳು. ಅದರಲ್ಲಿ ಅರಮನೆ ಕಟ್ಟಿದ ಇಸವಿ ಇರಲಿಲ್ಲ. ಆನೆ ಹೈ ಹೀಲ್ಸ್ ಹಾಕಿದಂತೆ ನಡೆಯುತ್ತದೆ, ಬೊಂಬೆಗಳ ನಡುವೆ ಜೆಸಿಬಿಯನ್ನೂ ಇಡಬಹುದು, ಲಕ್ಷ ಬಲ್ಬಿನಲ್ಲಿ ಒಂದು ಹತ್ತಿರಲಿಲ್ಲ ಎಂದೆಲ್ಲ ಇತ್ತು. ಎರಡು ಕಡೆ ಒತ್ತಕ್ಷರ ತಪ್ಪಿತ್ತು. ಕೆಂಪು ಪೆನ್ನು ನನ್ನ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ.